ನೆತ್ತಿಯ ತೆರವು, ಉಸಿರಿನ ಎಣಿಕೆ

ಹುಟ್ಟಿದ ಕೂಸಿನ ತಲೆಬುರುಡೆ ಒಂದೇ ಗಟ್ಟಿ ಚಿಪ್ಪಲ್ಲ. ತೆಳುವಾದ, ತುಸು ಬಾಗಬಲ್ಲ ಎಲುಬಿನ ಹಲಗೆಗಳು ಅಂಚಿಗೆ ಅಂಚು ಹತ್ತಿರವಾಗಿ ನಿಂತು, ನಡುವಿನ ನಾರುಪೊರೆಯ ಪಟ್ಟಿಗಳಿಂದ ಮಾತ್ರ ಒಂದನ್ನೊಂದು ಹಿಡಿದುಕೊಂಡಿರುವ ಈ ರಚನೆಯಲ್ಲಿ ಹಣೆಗೆ ಎರಡು, ನೆತ್ತಿಯ ಎಡಬಲಕ್ಕೆ ಎರಡು, ಹಿಂದಲೆಗೆ ಒಂದು, ಕಿವಿಗಳ ಸುತ್ತ ಒಂದೊಂದು ಎಲುಬು ಇರುತ್ತವೆ. ಹಲಗೆಗಳು ಎದುರುಬದುರಾಗುವ ಗೆರೆಯನ್ನು ವೈದ್ಯರು ಸೂಚರ್, ಅಂದರೆ ಹೊಲಿಗೆ, ಎಂದು ಕರೆಯುತ್ತಾರೆ. ಬೆಳೆದವರ ಬುರುಡೆಯಲ್ಲಿ ಹಲ್ಲುಹಲ್ಲಾಗಿ ಹೆಣೆದುಕೊಂಡ ಆ ಗೆರೆಯನ್ನು ನೋಡಿದವರಿಗೆ ಹೆಸರಿನ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. ಹಲವು ಎಲುಬುಗಳ ಮೂಲೆಗಳು ಕೂಡುವಲ್ಲಿ ಎಲುಬೇ ಇಲ್ಲದೆ ಪೊರೆ ಮತ್ತು ಚರ್ಮವಷ್ಟೇ ಮುಚ್ಚಿರುವ ತೆರವುಗಳು ಉಳಿದಿರುತ್ತವೆ. ಇಂಥವು ಆರಿದ್ದರೂ ಬೆರಳಿಗೆ ಸುಲಭವಾಗಿ ಸಿಗುವುವು ಎರಡೇ: ಹಣೆಯ ಮೇಲ್ಗಡೆ, ನೆತ್ತಿಯ ಮುಂಭಾಗದಲ್ಲಿರುವ ನಾಲ್ಕು ಮೂಲೆಯ ದೊಡ್ಡ ತೆರವು ಮತ್ತು ಹಿಂದಲೆಯ ಕಡೆಗಿರುವ ಸಣ್ಣ ತ್ರಿಕೋನಾಕಾರದ ತೆರವು. ವೈದ್ಯಶಾಸ್ತ್ರದಲ್ಲಿ ಇವಕ್ಕಿರುವ ಫಾಂಟನೆಲ್ ಎಂಬ ಹೆಸರು ಚಿಕ್ಕ ಬುಗ್ಗೆ ಎಂಬ ಅರ್ಥದ ಫ್ರೆಂಚ್ ಮಾತಿನಿಂದ ಬಂದದ್ದು. ಎಣ್ಣೆ ಹಚ್ಚುವ ಅಜ್ಜಿಯ ಅಂಗೈಗೆ ಕೂಸಿನ ನೆತ್ತಿ ಮಿಡಿಯುವುದು ಗೊತ್ತಾಗುವಂತೆಯೇ, ಆ ಹೆಸರನ್ನಿಟ್ಟವರಿಗೂ ಅಲ್ಲಿಯ ಮಿಡಿತ ಗೊತ್ತಾಗಿರಬೇಕು.

ಈ ಸಡಿಲ ಜೋಡಣೆಯ ಮೊದಲ ಪ್ರಯೋಜನ ಹೆರಿಗೆಯ ಹೊತ್ತಿನದು. ತಾಯಿಯ ಸೊಂಟದ ಎಲುಬುಗಳ ಇಕ್ಕಟ್ಟಿನಲ್ಲಿ ಹಾದುಬರುವಾಗ ತಲೆಯ ಹಲಗೆಗಳು ಒಂದರ ಅಂಚಿನ ಮೇಲೆ ಇನ್ನೊಂದು ಜರುಗಿ ತಲೆ ಉದ್ದುದ್ದವಾಗುತ್ತದೆ, ಕೆಲವೊಮ್ಮೆ ನೆತ್ತಿಯ ಚರ್ಮದಡಿ ನೀರು ತುಂಬಿ ಊದಿಕೊಂಡಿರುತ್ತದೆ. ಇವೆರಡೂ ಕೆಲವು ದಿನಗಳಲ್ಲಿ ತಾವಾಗಿಯೇ ಸರಿಹೋಗುತ್ತವೆ. ಆದರೆ ತೆರವುಗಳು ಉಳಿದಿರುವುದು ಹೆರಿಗೆಗಾಗಿ ಮಾತ್ರ ಆಗಿದ್ದರೆ ಅವು ಮರುವಾರವೇ ಮುಚ್ಚಿಕೊಳ್ಳಬಹುದಿತ್ತು. ಅವುಗಳ ನಿಜವಾದ ಕೆಲಸ ಹೆರಿಗೆಯ ನಂತರ ಶುರುವಾಗುತ್ತದೆ. ಹುಟ್ಟಿದಾಗ ಸುಮಾರು 350ರಿಂದ 400 ಗ್ರಾಂ ತೂಗುವ ಮಿದುಳು ಒಂದು ವರ್ಷದ ಹೊತ್ತಿಗೆ ಎರಡು ಪಟ್ಟಿಗೂ ಮಿಕ್ಕಿ ಬೆಳೆದು, ಎರಡು ವರ್ಷಕ್ಕೆ ವಯಸ್ಕರ ಮಿದುಳಿನ ಗಾತ್ರದ ಮುಕ್ಕಾಲು ಪಾಲನ್ನು ದಾಟುತ್ತದೆ. ದೇಹದ ಹೆಚ್ಚಿನ ಅಂಗಗಳು ಇಷ್ಟು ಅವಸರದಲ್ಲಿ ತಮ್ಮ ಬೆಳವಣಿಗೆಯನ್ನು ಮುಗಿಸಿಕೊಳ್ಳುವುದಿಲ್ಲ. ಹುಟ್ಟಿದ ಮಗುವಿನ ಉದ್ದದಲ್ಲಿ ಕಾಲು ಪಾಲು ತಲೆಯೇ ಆಗಿರುವುದಕ್ಕೂ, ವಯಸ್ಕರಲ್ಲಿ ಅದು ಏಳರಲ್ಲೊಂದು ಅಥವಾ ಎಂಟರಲ್ಲೊಂದು ಭಾಗಕ್ಕೆ ಇಳಿಯುವುದಕ್ಕೂ ಇದೇ ಕಾರಣ.

ಬುರುಡೆ ತಾನಾಗಿ ಬೆಳೆದು ಮಿದುಳಿಗೆ ಜಾಗ ಮಾಡಿಕೊಡುತ್ತದೆ ಎಂದು ತಿಳಿಯುವುದು ತಪ್ಪಾಗುತ್ತದೆ. ಮಿದುಳು ಹಿಗ್ಗಿ ಹೊರಕ್ಕೆ ತಳ್ಳಿದಂತೆ ಸೂಚರ್‌ಗಳು ಹಿಗ್ಗುತ್ತವೆ, ಆ ಬಿರುಕಿನ ಎರಡೂ ಅಂಚುಗಳಲ್ಲಿ ಹೊಸ ಎಲುಬು ಕೂಡಿಕೊಳ್ಳುತ್ತದೆ, ಹೀಗೆ ಒಳಗಿನ ಒತ್ತಡಕ್ಕೆ ಹೊರಗಿನ ಎಲುಬು ದಿನದಿನವೂ ಮಣಿಯುತ್ತ ಹೋಗುತ್ತದೆ. ಜರ್ಮನಿಯ ರುಡಾಲ್ಫ್ ವಿರ್ಶೋ 1851ರಲ್ಲಿ ಗುರುತಿಸಿದ ನಿಯಮ ಇದರಿಂದಲೇ ಅರ್ಥವಾಗುತ್ತದೆ: ಒಂದು ಸೂಚರ್ ಅವಧಿಗೆ ಮುನ್ನವೇ ಬೆಸೆದುಕೊಂಡರೆ ಬುರುಡೆ ಆ ಗೆರೆಗೆ ಅಡ್ಡಲಾಗಿ ಬೆಳೆಯಲಾರದೆ, ಅದೇ ಗೆರೆಯ ಉದ್ದಕ್ಕೆ ಚಾಚಿಕೊಳ್ಳುತ್ತದೆ. ಹಣೆಯಿಂದ ಹಿಂದಲೆಯವರೆಗೆ ನೆತ್ತಿಯ ನಡುವೆ ಸಾಗುವ ಸೂಚರ್ ಹೀಗೆ ಬೇಗ ಕೂಡಿದಾಗ ತಲೆ ಅಗಲ ಕಳೆದುಕೊಂಡು ದೋಣಿಯ ಆಕಾರ ಪಡೆಯುವುದುಂಟು. ಸುಮಾರು ಎರಡು ಸಾವಿರದಿಂದ ಎರಡೂವರೆ ಸಾವಿರ ಹೆರಿಗೆಗಳಿಗೆ ಒಂದರಂತೆ ಕಾಣುವ, ಯಾವುದಾದರೊಂದು ಸೂಚರ್ ಬೇಗ ಬೆಸೆಯುವ ಈ ಸ್ಥಿತಿಗೆ ಶಸ್ತ್ರಚಿಕಿತ್ಸೆಯಿದೆ, ಮೊದಲ ವರ್ಷದೊಳಗೆ ಮಾಡಿದರೆ ಫಲವೂ ಚೆನ್ನಾಗಿದೆ. ಆದ್ದರಿಂದಲೇ ‘ದೊಡ್ಡವನಾದ ಮೇಲೆ ಸರಿಹೋಗುತ್ತದೆ’ ಎಂದು ಕಾಯುವ ಸಮಾಧಾನ ಇಲ್ಲಿ ದುಬಾರಿಯಾಗುತ್ತದೆ. ಸಾಮಾನ್ಯವಾಗಿ ಹಿಂದಿನ ತೆರವು ಎರಡು ಅಥವಾ ಮೂರು ತಿಂಗಳೊಳಗೆ, ಮುಂದಿನದು ಒಂಬತ್ತರಿಂದ ಹದಿನೆಂಟು ತಿಂಗಳ ನಡುವೆ ಮುಚ್ಚುತ್ತದೆ, ಎರಡು ವರ್ಷದವರೆಗೆ ಎಳೆಯುವುದೂ ಉಂಟು. ಹಣೆಯ ನಡುವಿನ ಸೂಚರ್ ಮೊದಲ ವರ್ಷದಲ್ಲೇ ಬೆಸೆದುಹೋದರೆ ಉಳಿದ ದೊಡ್ಡ ಸೂಚರ್‌ಗಳು ಪೂರ್ತಿ ಕೂಡಿಕೊಳ್ಳುವುದು ಪ್ರಾಯಕ್ಕೆ ಬಂದು ಎಷ್ಟೋ ವರ್ಷಗಳಾದ ಮೇಲೆ. ನೆತ್ತಿ ಮುಚ್ಚಿದೊಡನೆ ತಲೆಯ ಬೆಳವಣಿಗೆ ನಿಂತಿತೆಂಬ ಭಯಕ್ಕೆ ಹೀಗಾಗಿ ಆಧಾರವಿಲ್ಲ.

ಒಳಗಿನ ಬೆಳವಣಿಗೆಯನ್ನು ಹೊರಗಿನಿಂದ ತಿಳಿಯುವ ಉಪಾಯ ಅಚ್ಚರಿಯಾಗುವಷ್ಟು ಸರಳವಾಗಿದೆ. ಹಿಗ್ಗದ ಟೇಪನ್ನು ಮುಂದೆ ಹುಬ್ಬುಗಳ ಮೇಲ್ಗಡೆ, ಹಿಂದೆ ತಲೆ ಹೆಚ್ಚು ಉಬ್ಬಿರುವ ಕಡೆ ಹಾಯುವಂತೆ ಸುತ್ತಿ, ಎರಡು ಮೂರು ಸಲ ಅಳೆದು, ಬಂದದ್ದರಲ್ಲಿ ದೊಡ್ಡ ಅಂಕಿಯನ್ನು ಬರೆದುಕೊಂಡರೆ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದ ಪ್ರಕಾರ ಹುಟ್ಟಿದ ಗಂಡುಮಗುವಿನ ತಲೆಯ ಸುತ್ತಳತೆಯ ನಡುಬಿಂದು 34.5 ಸೆಂಟಿಮೀಟರ್, ಹೆಣ್ಣುಮಗುವಿನದು 33.9, ಆರು ತಿಂಗಳಿಗೆ ಅದು 43.3 ಮತ್ತು 42.2, ಒಂದು ವರ್ಷಕ್ಕೆ 46.1 ಮತ್ತು 44.9. ಅಂದರೆ ಮೊದಲ ಮೂರು ತಿಂಗಳಲ್ಲಿ ತಿಂಗಳಿಗೆ ಸುಮಾರು ಎರಡು ಸೆಂಟಿಮೀಟರ್, ಮುಂದಿನ ಮೂರು ತಿಂಗಳಲ್ಲಿ ಸುಮಾರು ಒಂದು, ಆಮೇಲಿನ ಆರು ತಿಂಗಳಲ್ಲಿ ಅರ್ಧದಂತೆ ಬೆಳೆಯುವ ತಲೆ, ಇಡೀ ಎರಡನೆಯ ವರ್ಷದಲ್ಲಿ ಕೂಡಿಕೊಳ್ಳುವುದು ಎರಡು ಸೆಂಟಿಮೀಟರಿನಷ್ಟೇ. ಹುಟ್ಟಿದಾಗ ಎದೆಯ ಸುತ್ತಳತೆಗಿಂತ ತಲೆಯದು ಸುಮಾರು ಎರಡು ಸೆಂಟಿಮೀಟರ್ ಹೆಚ್ಚಿದ್ದು, ಒಂದು ವರ್ಷದ ಆಸುಪಾಸಿನಲ್ಲಿ ಎರಡೂ ಸಮವಾಗಿ, ಆಮೇಲೆ ಎದೆ ಮುಂದಾಗುತ್ತದೆ. ಆಹಾರ ಸಾಲದ ಮಗುವಿನಲ್ಲಿ ಮೊದಲು ತೂಕ, ಬಳಿಕ ಎತ್ತರ, ಕಟ್ಟಕಡೆಗೆ ತಲೆ ಹಿಂದೆ ಬೀಳುವುದರಿಂದ, ಎದೆ ತಲೆಯನ್ನು ಹಿಂದಿಕ್ಕುವುದು ತಡವಾಗುತ್ತದೆ. ದೇಹ ತನ್ನ ಪಾಲಿಗೆ ಬಂದ ಅಲ್ಪವನ್ನೂ ಮಿದುಳಿಗಾಗಿ ಮೀಸಲಿಡುವ ಈ ಏರ್ಪಾಡು ಎಷ್ಟು ದೊಡ್ಡದೋ, ಕೊನೆಗೂ ತಲೆಯೇ ಹಿಂದೆ ಬಿದ್ದಾಗ ಹಸಿವು ಎಷ್ಟು ಆಳಕ್ಕಿಳಿದಿದೆ ಎಂಬುದು ಅಷ್ಟೇ ಕಠೋರವಾಗಿ ತಿಳಿಯುತ್ತದೆ.

ಈ ಅಂಕಿಗಳು ಎಲ್ಲಿಂದ ಬಂದವೆಂಬುದೂ ಗಮನಿಸತಕ್ಕದ್ದು. 1997ರಿಂದ 2003ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್ ಮತ್ತು ಅಮೆರಿಕ ಎಂಬ ಆರು ದೇಶಗಳಲ್ಲಿ, ಎದೆಹಾಲು ಕುಡಿದು, ಹೊಗೆಸೊಪ್ಪಿನ ಸೋಂಕಿಲ್ಲದ ತಾಯಂದಿರ ಮಡಿಲಲ್ಲಿ ಅನುಕೂಲದ ಪರಿಸರದಲ್ಲಿ ಬೆಳೆದ ಸುಮಾರು 8,500 ಮಕ್ಕಳನ್ನು ಅಳೆದು ವಿಶ್ವ ಆರೋಗ್ಯ ಸಂಸ್ಥೆ ಈ ಮಾನದಂಡವನ್ನು ರೂಪಿಸಿತು. ಭಾರತದ ಮಕ್ಕಳು ದೆಹಲಿಯವರು. ತೂಕ ಮತ್ತು ಎತ್ತರದ ರೇಖೆಗಳು 2006ರಲ್ಲಿಯೂ ತಲೆಯ ಸುತ್ತಳತೆಯವು 2007ರಲ್ಲಿಯೂ ಪ್ರಕಟವಾದವು. ಅನುಕೂಲ ದೊರೆತರೆ ಎಳೆಯ ಮಕ್ಕಳು ದೇಶ ಯಾವುದಾದರೂ ಬಹುಮಟ್ಟಿಗೆ ಒಂದೇ ಬಗೆಯಲ್ಲಿ ಬೆಳೆಯುತ್ತಾರೆಂಬುದು ಆ ಅಧ್ಯಯನದಿಂದ ತಿಳಿದ ಮುಖ್ಯ ಸಂಗತಿ.

ನಡುಬಿಂದುವೇ ಗುರಿಯಲ್ಲ. ಹುಟ್ಟಿದ ಗಂಡುಮಗುವಿನ ತಲೆ 32 ಸೆಂಟಿಮೀಟರ್ ಇದ್ದರೂ 37 ಇದ್ದರೂ ಸಹಜ ವ್ಯಾಪ್ತಿಯೊಳಗೇ ಬರುತ್ತದೆ. ಅಪ್ಪನದೋ ಅಮ್ಮನದೋ ತಲೆ ದೊಡ್ಡದಿದ್ದಲ್ಲಿ ಮಗುವಿನದೂ ದೊಡ್ಡದಾಗುವುದು ವಂಶದ ಗುಣ, ಹಾಗಾಗಿ ಎಚ್ಚರದ ವೈದ್ಯರು ಟೇಪನ್ನು ಹೆತ್ತವರ ತಲೆಗೂ ಸುತ್ತುತ್ತಾರೆ. ದಿನ ತುಂಬುವ ಮೊದಲೇ ಹುಟ್ಟಿದ ಮಗುವಿಗೆ ವಯಸ್ಸನ್ನು ಹುಟ್ಟಿದ ದಿನದಿಂದಲ್ಲ, ಹುಟ್ಟಬೇಕಾಗಿದ್ದ ದಿನದಿಂದ ಲೆಕ್ಕ ಹಾಕಬೇಕು. ಇಷ್ಟಾಗಿ ಅರ್ಥ ಹೇಳುವುದು ಒಂದು ದಿನದ ಅಂಕಿಯಲ್ಲ, ತಿಂಗಳಿಂದ ತಿಂಗಳಿಗೆ ಬರೆದ ಚುಕ್ಕೆಗಳು ಸೇರಿ ಆಗುವ ರೇಖೆ. ತನ್ನ ದಾರಿಯಲ್ಲೇ ಸಾಗುತ್ತಿದ್ದ ರೇಖೆ ಥಟ್ಟನೆ ಮೇಲಕ್ಕೆ ಜಿಗಿದರೆ ಮಿದುಳಿನೊಳಗಿನ ನೀರು ಹರಿದುಹೋಗದೆ ತುಂಬಿಕೊಳ್ಳುತ್ತಿರಬಹುದು. ಹೈಡ್ರೊಸೆಫಲಸ್ ಎಂಬ ಈ ಸ್ಥಿತಿಯಲ್ಲಿ ನೆತ್ತಿ ಉಬ್ಬಿ ಬಿಗಿಯಾಗುತ್ತದೆ, ತಲೆಯ ಚರ್ಮದ ರಕ್ತನಾಳಗಳು ಎದ್ದು ಕಾಣುತ್ತವೆ, ಕಣ್ಣಗುಡ್ಡೆಗಳು ಮುಳುಗುವ ಸೂರ್ಯನಂತೆ ಕೆಳಕ್ಕಿಳಿಯುತ್ತವೆ. ಆ ನೀರನ್ನು ಹೊಟ್ಟೆಗೆ ಹರಿಸುವ ಕೊಳವೆಯಾದ ಶಂಟ್ ಇಂದು ಅಸಂಖ್ಯ ಮಕ್ಕಳ ಮಿದುಳನ್ನು ಉಳಿಸುತ್ತಿದೆ. ಅದರ ಹಿಂದಿನ ಕವಾಟದ ಕಥೆಯಲ್ಲಿ ಜಾನ್ ಹೋಲ್ಟರ್ ಎಂಬ ಅಮೆರಿಕದ ಯಂತ್ರಕುಶಲಿಯ ಹೆಸರು ಬರುತ್ತದೆ, 1950ರ ದಶಕದಲ್ಲಿ ತನ್ನ ಮಗನಿಗೇ ಈ ತೊಂದರೆ ಬಂದಾಗ ಆತ ಅದನ್ನು ರೂಪಿಸಿದ. ರೇಖೆ ಏರದೆ ಚಪ್ಪಟೆಯಾದರೆ ಮಿದುಳೇ ಬೆಳೆಯುತ್ತಿಲ್ಲವೆಂಬ ಶಂಕೆ ಬಲವಾಗುತ್ತದೆ. ಬ್ರೆಜಿಲ್‌ನಲ್ಲಿ 2015ರಲ್ಲಿ ಬಸುರಿಯರಿಗೆ ತಗುಲಿದ ಝೀಕಾ ವೈರಸ್ ಮಕ್ಕಳ ಮಿದುಳನ್ನು ಹಾಳುಮಾಡಿದ್ದು ಜಗತ್ತಿನ ಗಮನಕ್ಕೆ ಬಂದದ್ದು, ಕಿರುದಲೆಯ ಕೂಸುಗಳು ಹೆಚ್ಚಾದದ್ದನ್ನು ಹೆರಿಗೆಮನೆಗಳು ಗುರುತಿಸಿದ್ದರಿಂದ. ಮುಂದಿನ ತೆರವು ತೀರ ಅಗಲವಾಗಿದ್ದು ಮುಚ್ಚಲು ತಡವಾದರೆ ಡಿ ಜೀವಸತ್ವದ ಕೊರತೆಯಿಂದ ಬರುವ ರಿಕೆಟ್ಸ್ ಅಥವಾ ಹುಟ್ಟಿನಿಂದಲೇ ಥೈರಾಯ್ಡ್ ಗ್ರಂಥಿ ಸೋತಿರುವ ಸಾಧ್ಯತೆಯನ್ನು ಪರೀಕ್ಷಿಸಬೇಕಾಗುತ್ತದೆ. ಎರಡಕ್ಕೂ ಔಷಧ ಅಗ್ಗ, ಎರಡರಲ್ಲೂ ವಿಳಂಬದ ಬೆಲೆ ಹೆಚ್ಚು.

ಕರ್ನಾಟಕದ ಬಾಣಂತನದಲ್ಲಿ ತಲೆಗೆ ಸಲ್ಲುವ ಉಪಚಾರ ಸಣ್ಣದಲ್ಲ. ನೆತ್ತಿಗೆ ಹರಳೆಣ್ಣೆ ಇಡುವುದು, ಕಾಲ ಮೇಲೆ ಮಲಗಿಸಿಕೊಂಡು ಎರೆಯುವಾಗ ತಲೆಯನ್ನು ಒತ್ತಿ ಗುಂಡಗೆ ಮಾಡುವುದು, ಸಾಸಿವೆ ತುಂಬಿದ ದಿಂಬನ್ನು ತಲೆಗೆ ಕೊಡುವುದು ಮುಂತಾದವುಗಳ ಹಿಂದೆ ಇರುವುದು ಮಗುವಿನ ಮೇಲಿನ ಅಕ್ಕರೆಯೇ. ಮೃದುವಾಗಿ ಎಣ್ಣೆ ಹಚ್ಚುವುದರಿಂದ ಕೇಡಿಲ್ಲ, ಆದರೆ ಆ ಎಣ್ಣೆ ಚರ್ಮವನ್ನು ದಾಟಿ ಮಿದುಳನ್ನು ತಂಪು ಮಾಡುವುದಿಲ್ಲ, ನೆತ್ತಿಯನ್ನು ಬೇಗ ಮುಚ್ಚಿಸುವುದೂ ಇಲ್ಲ. ಹೆರಿಗೆಯಲ್ಲಿ ಉದ್ದವಾದ ತಲೆ ತಾನೇ ಗುಂಡಗಾಗುವುದರಿಂದ ಒತ್ತುವ ಅಗತ್ಯವಿಲ್ಲ. ಮೂಗಿಗೆ ಎಣ್ಣೆ ಬಿಡುವುದಂತೂ ಅಪಾಯದ್ದು, ಏಕೆಂದರೆ ಶ್ವಾಸಕೋಶಕ್ಕಿಳಿದ ಎಣ್ಣೆ ಸುಲಭವಾಗಿ ಗುಣವಾಗದ ನ್ಯುಮೋನಿಯಾ ತರಬಹುದು. ತಲೆ ಒಣಗಿಸಲು ಹಾಕುವ ಸಾಂಬ್ರಾಣಿ ಹೊಗೆಯೂ ಕೂಸಿನ ಎಳೆಯ ಉಸಿರ್ದಾರಿಗೆ ಒಗ್ಗದು. ಇನ್ನು ನಿದ್ದೆಯಲ್ಲಿ ಅಂಗಾತ ಮಲಗಿಸುವುದೇ ಮಗುವಿಗೆ ಕ್ಷೇಮ. ಅಮೆರಿಕದಲ್ಲಿ 1994ರಿಂದ ಇದನ್ನೇ ಸಾರಿದ ಆಂದೋಲನದ ನಂತರ ನಿದ್ದೆಯಲ್ಲಿ ಹಠಾತ್ತಾಗಿ ಸಾಯುವ ಕೂಸುಗಳ ಸಂಖ್ಯೆ ಅರ್ಧಕ್ಕಿಳಿಯಿತು, ಅದರ ಜೊತೆಗೆ ಹಿಂದಲೆ ಒಂದು ಪಕ್ಕಕ್ಕೆ ಚಪ್ಪಟೆಯಾಗುವುದೂ ಹೆಚ್ಚಿತು. ಈ ಚಪ್ಪಟೆಗೆ ದಿಂಬು ಮದ್ದಲ್ಲ. ಎಚ್ಚರವಿದ್ದಾಗ ದಿನಕ್ಕೆ ಹಲವು ಸಲ, ದೊಡ್ಡವರ ಕಣ್ಣೆದುರಿನಲ್ಲಿ ಬೋರಲಾಗಿ ಮಲಗಿಸಿದರೆ ಕತ್ತು ಬಲಿಯುತ್ತದೆ, ತಲೆಯ ಆಕಾರವೂ ತಿದ್ದಿಕೊಳ್ಳುತ್ತದೆ.

ತಲೆಯ ಅಳತೆ ತಿಂಗಳುಗಳ ಕಥೆ ಹೇಳಿದರೆ ನಿಮಿಷಗಳ ಕಥೆಯನ್ನು ಹೇಳುವುವು ಜೀವಸೂಚಕಗಳು, ಅಂದರೆ ನಾಡಿಬಡಿತ, ಉಸಿರಾಟ, ಮೈಶಾಖ ಮತ್ತು ರಕ್ತದೊತ್ತಡ. ಇವುಗಳಲ್ಲೂ ವಯಸ್ಕರ ಅಂಕಿಗಳನ್ನು ಮಗುವಿಗೆ ಹೊಂದಿಸಲಾಗದು. ನವಜಾತ ಶಿಶುವಿನ ಹೃದಯ ನಿಮಿಷಕ್ಕೆ 120ರಿಂದ 160 ಸಲ ಬಡಿಯುತ್ತದೆ, ಗಾಢ ನಿದ್ದೆಯಲ್ಲಿ ನೂರರ ಕೆಳಗಿಳಿಯಬಹುದು, ಅಳುವಾಗ 180ಕ್ಕೇರಬಹುದು. ಎಳೆಯ ಹೃದಯದ ಸ್ನಾಯು ಬಿಗಿಯಾಗಿರುವುದರಿಂದ ಒಂದೊಂದು ಬಡಿತಕ್ಕೆ ಹೊರಹಾಕುವ ರಕ್ತದ ಪ್ರಮಾಣವನ್ನು ಅದು ಹೆಚ್ಚಿಸಲಾರದು. ದೇಹ ಹೆಚ್ಚು ರಕ್ತ ಬೇಡಿದಾಗ ಬಡಿತವನ್ನೇ ಹೆಚ್ಚಿಸಬೇಕಾಗುತ್ತದೆ. ಶಾಲೆಗೆ ಹೋಗುವ ವಯಸ್ಸಿನಲ್ಲಿ 70ರಿಂದ 120ರ ಆಸುಪಾಸಿಗೆ, ಹದಿಹರೆಯದಲ್ಲಿ ದೊಡ್ಡವರ 60ರಿಂದ 100ರ ಮಟ್ಟಕ್ಕೆ ಅದು ಇಳಿಯುತ್ತದೆ. ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಬಡಿತ ಸುಮಾರು ಹತ್ತು ಹೆಚ್ಚುವುದು ಸಹಜ. ಅಳದೆ ಸುಮ್ಮನಿರುವ ಕೂಸಿನಲ್ಲಿ ಅದು 220 ದಾಟಿದರೆ ಜ್ವರವಲ್ಲ, ಹೃದಯದ ಲಯವೇ ತಪ್ಪಿದೆಯೆಂದು ಶಂಕಿಸಬೇಕು. ಕೂಸಿನ ಕತ್ತು ಗಿಡ್ಡವಾದ್ದರಿಂದ ನಾಡಿಯನ್ನು ತೋಳಿನ ಒಳಬದಿಯಲ್ಲಿ ಹುಡುಕುವುದು ರೂಢಿ.

ಎಲ್ಲ ಸೂಚಕಗಳಲ್ಲಿ ಉಸಿರಿನ ಎಣಿಕೆಗೆ ಇರುವಷ್ಟು ಮಹತ್ವ ಬೇರೆಯದಕ್ಕಿಲ್ಲ, ಏಕೆಂದರೆ ಅದಕ್ಕೆ ಬೇಕಾದದ್ದು ಕಣ್ಣು ಮತ್ತು ಗಡಿಯಾರ ಮಾತ್ರ, ಅದು ಹಿಡಿಯುವುದು ಮಕ್ಕಳನ್ನು ಬಹುವಾಗಿ ಕೊಲ್ಲುವ ನ್ಯುಮೋನಿಯಾವನ್ನು. ತೂಕದ ಲೆಕ್ಕದಲ್ಲಿ ಕೂಸು ದೊಡ್ಡವರಿಗಿಂತ ಸುಮಾರು ಎರಡರಷ್ಟು ಆಮ್ಲಜನಕವನ್ನು ಬಳಸುತ್ತದೆ, ಆದರೆ ಅದೇ ಲೆಕ್ಕದಲ್ಲಿ ಒಂದು ಉಸಿರಿಗೆ ಒಳಗೆಳೆಯುವ ಗಾಳಿ ದೊಡ್ಡವರಷ್ಟೇ. ಕೊರತೆ ತುಂಬುವುದು ವೇಗದಿಂದ. ಹೀಗಾಗಿ ನವಜಾತ ಶಿಶು ನಿಮಿಷಕ್ಕೆ 30ರಿಂದ 60 ಸಲ, ಶಾಲೆಯ ಮಗು 18ರಿಂದ 30 ಸಲ ಉಸಿರಾಡುತ್ತದೆ. ಎಳೆಯ ಕೂಸಿನ ಉಸಿರಿಗೆ ಇನ್ನೂ ಲಯ ಕೂಡಿರುವುದಿಲ್ಲ. ಕೆಲವು ಸಲ ಬೇಗಬೇಗ ಆಡಿ, ಐದು ಹತ್ತು ಸೆಕೆಂಡು ನಿಂತು, ಮತ್ತೆ ಆರಂಭಿಸುತ್ತದೆ. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸುವ ಉಪಾಯ ಇಲ್ಲಿ ಸುಳ್ಳು ಹೇಳುತ್ತದೆ. ಮಗು ಅಳದೆ, ಹಾಲು ಕುಡಿಯದೆ ಇರುವಾಗ ಅಂಗಿಯೆತ್ತಿ ಹೊಟ್ಟೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಲೇಬೇಕು. ಉಸಿರು ಇಪ್ಪತ್ತು ಸೆಕೆಂಡಿಗೂ ಮಿಕ್ಕಿ ನಿಂತರೆ ಅದು ಸಹಜವಲ್ಲ.

ಪಾಪುವಾ ನ್ಯೂಗಿನಿಯ ಗೊರೋಕಾದಲ್ಲಿ ಕೆಲಸ ಮಾಡಿದ ಫ್ರಾಂಕ್ ಶಾನ್ ಎಂಬ ಮಕ್ಕಳ ವೈದ್ಯರು 1980ರ ದಶಕದಲ್ಲಿ ತೋರಿಸಿಕೊಟ್ಟದ್ದು ಇದನ್ನೇ: ಎಕ್ಸ್‌ರೇ ಇಲ್ಲದ, ಸ್ಟೆತಸ್ಕೋಪ್ ಹಿಡಿಯಲು ಬಾರದ ಕಡೆಯೂ ಕೆಮ್ಮುವ ಮಗುವಿನ ಉಸಿರನ್ನು ಎಣಿಸಿ, ಎದೆಗೂಡಿನ ಕೆಳಭಾಗ ಒಳಕ್ಕೆ ಸೆಳೆಯುತ್ತಿದೆಯೇ ಎಂದು ನೋಡಿ, ಯಾರಿಗೆ ಔಷಧ, ಯಾರಿಗೆ ಆಸ್ಪತ್ರೆ ಎಂದು ವಿಂಗಡಿಸಬಹುದು. ಎರಡು ತಿಂಗಳೊಳಗಿನ ಕೂಸಿಗೆ 60, ಎರಡು ತಿಂಗಳಿಂದ ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದೊಳಗೆ 40, ಈ ಅಂಕಿಗಳನ್ನು ಮುಟ್ಟಿದ ಉಸಿರನ್ನು ವೇಗದ ಉಸಿರೆಂದು ವಿಶ್ವ ಆರೋಗ್ಯ ಸಂಸ್ಥೆ ಗುರುತಿಸುತ್ತದೆ. ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ದಂಪತಿ ಹಳ್ಳಿಯ ಹೆಂಗಸರಿಗೂ ಸೂಲಗಿತ್ತಿಯರಿಗೂ ಈ ಎಣಿಕೆ ಕಲಿಸಿದರು. ಅಂಕಿ ಬಾರದವರೂ ಎಣಿಸುವಂತೆ ಮಣಿಗಳಿರುವ ಒಂದು ಸಾಧನವನ್ನು ಅಲ್ಲಿ ರೂಪಿಸಲಾಯಿತು, ನ್ಯುಮೋನಿಯಾದ ಸಾವುಗಳು ಇಳಿದದ್ದು 1990ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿಯಾಯಿತು. ಅವರೇ ಮುಂದೆ ನವಜಾತ ಶಿಶುಗಳಿಗೆ ಮನೆಯಲ್ಲೇ ಆರೈಕೆ ಕಲಿಸಿದ 39 ಹಳ್ಳಿಗಳಲ್ಲಿ ನವಜಾತರ ಮರಣ ಶೇ 62ರಷ್ಟು ಕಡಿಮೆಯಾದದ್ದು 1999ರಲ್ಲಿ ಪ್ರಕಟವಾಯಿತು. ಇಂದು ಕರ್ನಾಟಕದ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆ ಹೆರಿಗೆಯಾದ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಬಾಣಂತಿಯ ಮನೆಗೆ ಬಂದು ತೂಗುವುದಕ್ಕೆ, ಥರ್ಮಾಮೀಟರ್ ಇಡುವುದಕ್ಕೆ ಈ ಪ್ರಯೋಗವೇ ಮೇಲ್ಪಂಕ್ತಿ. ಆಕೆ ಕೈಗಡಿಯಾರ ನೋಡುತ್ತ ಮಗುವಿನ ಹೊಟ್ಟೆಯ ಮೇಲೆ ಕಣ್ಣಿಟ್ಟು ಕೂರುವ ಒಂದು ನಿಮಿಷವನ್ನು ಮನೆಯವರು ಮಾತಾಡಿಸದೆ ಬಿಟ್ಟುಕೊಟ್ಟರೆ ಅದೇ ದೊಡ್ಡ ಉಪಕಾರ.

ಮೈಶಾಖದಲ್ಲಿ ಜ್ವರಕ್ಕೆ ಹೆದರುವಷ್ಟು ತಂಪಿಗೆ ಜನ ಹೆದರುವುದಿಲ್ಲ. ನವಜಾತರ ವಿಷಯದಲ್ಲಿ ಎರಡಕ್ಕೂ ಸಮನಾಗಿ ಹೆದರಬೇಕು. ಕಂಕುಳಲ್ಲಿ ಅಳೆದಾಗ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್, ಅಂದರೆ 97.7ರಿಂದ 99.5 ಫ್ಯಾರನ್‌ಹೀಟ್, ಇರಬೇಕಾದ ಮಟ್ಟ. ನಡುಗಿ ಶಾಖ ಹುಟ್ಟಿಸಿಕೊಳ್ಳಲಾರದ ಕೂಸು ತನ್ನ ಮೈಯ ಕಂದುಕೊಬ್ಬನ್ನು ಉರಿಸಿ ಬೆಚ್ಚಗಿರುತ್ತದೆ, ದೊಡ್ಡ ತಲೆಯಿಂದ ಬಹಳಷ್ಟು ಶಾಖವನ್ನು ಕಳೆದುಕೊಳ್ಳುತ್ತದೆ. ಕುಲಾವಿ ಹಾಕುವ ರೂಢಿಗೆ ಇಷ್ಟು ಗಟ್ಟಿಯಾದ ಶರೀರಶಾಸ್ತ್ರದ ಬೆಂಬಲವಿದೆ. ಎರಡು ತಿಂಗಳೊಳಗಿನ ಕೂಸಿನ ಕಂಕುಳಿನ ಶಾಖ 37.5 ಮುಟ್ಟಿದರೂ 35.5ಕ್ಕಿಂತ ಇಳಿದರೂ ಭಾರತದ ಆರೋಗ್ಯ ಕಾರ್ಯಕರ್ತರ ಕೈಪಿಡಿ ಅದನ್ನು ಅಪಾಯದ ಲಕ್ಷಣವೆಂದೇ ಎಣಿಸುತ್ತದೆ, ಏಕೆಂದರೆ ಆ ವಯಸ್ಸಿನಲ್ಲಿ ರಕ್ತಕ್ಕೆ ತಗುಲಿದ ನಂಜು ಮೈ ಸುಡುವುದರಿಂದಲೂ ಕಾಣಿಸಿಕೊಳ್ಳಬಹುದು, ಮೈ ತಣ್ಣಗಾಗುವುದರಿಂದಲೂ ಕಾಣಿಸಿಕೊಳ್ಳಬಹುದು.

ರಕ್ತದೊತ್ತಡ ವಯಸ್ಸಿನೊಡನೆ ಏರುವ ಸೂಚಕ. ಒಂದರಿಂದ ಹತ್ತು ವರ್ಷದ ಮಗುವಿನಲ್ಲಿ ಮೇಲಿನ ಅಂಕಿ, ವಯಸ್ಸನ್ನು ಎರಡರಿಂದ ಗುಣಿಸಿ 70 ಕೂಡಿಸಿದರೆ ಬರುವ ಮೊತ್ತಕ್ಕಿಂತ ಕೆಳಗಿರಬಾರದೆಂಬುದು ವೈದ್ಯರ ಲೆಕ್ಕ. ಅಳೆಯುವ ಪಟ್ಟಿ ಮಗುವಿನ ತೋಳಿಗೆ ತಕ್ಕುದಾಗಿರದೆ ಕಿರಿದಾದರೆ ಇಲ್ಲದ ಒತ್ತಡವನ್ನು ತೋರಿಸುತ್ತದೆ. ಆದರೆ ಮಕ್ಕಳಲ್ಲಿ ಈ ಅಂಕಿಯನ್ನು ಕಾದು ಕೂರುವಂತಿಲ್ಲ: ವಾಂತಿಭೇದಿಯಿಂದ ನೀರು ಕಳೆದುಕೊಂಡ ಮಗು ರಕ್ತನಾಳಗಳನ್ನು ಬಿಗಿಮಾಡಿ, ಹೃದಯವನ್ನು ಓಡಿಸಿ ಒತ್ತಡವನ್ನು ಬಹಳ ಹೊತ್ತು ಕಾಪಾಡಿಕೊಂಡು, ಶಕ್ತಿಯೆಲ್ಲ ಸೋತ ಮೇಲೆ ಒಮ್ಮೆಗೇ ಕುಸಿಯುತ್ತದೆ. ಅದಕ್ಕಿಂತ ಎಷ್ಟೋ ಮೊದಲು ನೆತ್ತಿ ಕುಳಿಬಿದ್ದಿರುತ್ತದೆ, ಅಂಗೈ ಅಂಗಾಲು ತಣ್ಣಗಿರುತ್ತವೆ, ಚರ್ಮವನ್ನು ಒತ್ತಿ ಬಿಟ್ಟಾಗ ಬಿಳಿಚಿದ ಜಾಗಕ್ಕೆ ಕೆಂಪು ಮರಳಲು ಮೂರು ಸೆಕೆಂಡಿಗೂ ಹೆಚ್ಚು ಹಿಡಿಯುತ್ತದೆ.

ಬುರುಡೆ ಮತ್ತು ಜೀವಸೂಚಕಗಳು ಒಂದನ್ನೊಂದು ಸಂಧಿಸುವ ತಾವೂ ಒಂದಿದೆ. ತಲೆಯೊಳಗಿನ ಒತ್ತಡ ಏರಿದಾಗ ರಕ್ತದೊತ್ತಡ ಹೆಚ್ಚಿ, ನಾಡಿ ನಿಧಾನವಾಗಿ, ಉಸಿರಿನ ಲಯ ಕೆಡುವುದನ್ನು ಅಮೆರಿಕದ ನರಶಸ್ತ್ರವೈದ್ಯ ಹಾರ್ವಿ ಕುಶಿಂಗ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿವರಿಸಿದ್ದರು. ಬೆಳೆದವರ ಮುಚ್ಚಿದ ಬುರುಡೆಗೆ ಹಿಗ್ಗುವ ದಾರಿಯಿಲ್ಲದ್ದರಿಂದ ಈ ಮೂರು ಲಕ್ಷಣಗಳು ಬೇಗ ಕಾಣಿಸಿಕೊಳ್ಳಬಹುದು. ನೆತ್ತಿ ತೆರೆದಿರುವ ಕೂಸಿನಲ್ಲಿ ಬುರುಡೆಯೇ ಹಿಗ್ಗಿ ಒತ್ತಡವನ್ನು ನುಂಗಿಕೊಳ್ಳುವುದರಿಂದ, ನಾಡಿ, ಉಸಿರು, ರಕ್ತದೊತ್ತಡ ಮೂರೂ ವಾರಗಟ್ಟಲೆ ಸಹಜವಾಗಿಯೇ ಇರಬಹುದು; ಆ ವಾರಗಳಲ್ಲಿ ಮುಖ್ಯವಾಗಿ ಬದಲಾಗುತ್ತಿರುವುದು ತಲೆಯ ಸುತ್ತಳತೆ, ಅದು ಗೊತ್ತಾಗುವುದು ಹಿಂದಿನ ತಿಂಗಳ ಅಳತೆಯನ್ನು ಯಾರಾದರೂ ಬರೆದಿಟ್ಟಿದ್ದರೆ ಮಾತ್ರ.